ಬೇರೆಯವರಿಗೆ ಬಳಸಿದ ಎಂಡೋಸ್ಕೋಪನ್ನೇ ನನಗೂ ಬಳಸುತ್ತಾರೆ. ಸೋಂಕು ತಗಲುವುದಿಲ್ಲವೇ?

ಪ್ರಶ್ನೆ: ಮುಂದಿನ ವಾರ ನನಗೆ ಎಂಡೋಸ್ಕೋಪಿ ಇದೆ. ಒಂದೇ ಕೊಳವೆಯನ್ನು ದಿನಕ್ಕೆ ಹಲವರ ಹೊಟ್ಟೆಯೊಳಗೆ ಇಳಿಸುತ್ತಾರಂತೆ. ಒಬ್ಬರ ರೋಗ ಇನ್ನೊಬ್ಬರಿಗೆ ದಾಟುವುದಿಲ್ಲವೇ? ಆಪರೇಷನ್ ಸಾಮಾನುಗಳಂತೆ ಇದನ್ನೂ ಆಟೋಕ್ಲೇವ್‌ಗೆ ಯಾಕೆ ಹಾಕುವುದಿಲ್ಲ?

ಉತ್ತರ: ಚೆನ್ನಾಗಿ ತೊಳೆದು, ಸೋಂಕುನಿವಾರಕದಲ್ಲಿ ಮುಳುಗಿಸಿ, ಪೂರ್ತಿ ಒಣಗಿಸಿದ ಸ್ಕೋಪ್‌ನಿಂದ ಸೋಂಕು ದಾಟುವುದು ಬಹಳ ಅಪರೂಪ. ಈ ಮೂರರಲ್ಲಿ ಜನ ನಂಬುವುದು ನಡುವಿನ ರಾಸಾಯನಿಕವನ್ನು. ಆದರೆ ಎಡವಟ್ಟಾಗುವುದು ಹೆಚ್ಚಾಗಿ ಅದರ ಹಿಂದಿನ ಮತ್ತು ಮುಂದಿನ ಹೆಜ್ಜೆಗಳಲ್ಲಿ.

ಮೊದಲು ಆಟೋಕ್ಲೇವ್, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ರೋಗಾಣು ಕೊಲ್ಲುವ ಯಂತ್ರದ ವಿಷಯ. ಅದರ ಹಬೆ 121 ಅಥವಾ 134 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಸ್ಕೋಪ್‌ನ ತುದಿಯಲ್ಲಿರುವ ಕ್ಯಾಮೆರಾ ಚಿಪ್, ಮಸೂರ, ಅವನ್ನು ಹಿಡಿದಿಟ್ಟ ಅಂಟು, ಬಾಗುವ ಭಾಗದ ರಬ್ಬರ್ ಹೊದಿಕೆ ಇವು ಆ ಬಿಸಿಯನ್ನು ತಾಳುವುದಿಲ್ಲ. ವೈದ್ಯಕೀಯ ಉಪಕರಣಗಳನ್ನು ಸೋಂಕಿನ ಅಪಾಯದ ಮೇಲೆ ವಿಂಗಡಿಸಿದ ಅರ್ಲ್ ಸ್ಪಾಲ್ಡಿಂಗ್ ಅವರ ವರ್ಗೀಕರಣದಂತೆ, ಅಂಗಾಂಶವನ್ನು ಸೀಳಿ ಒಳಹೊಗುವ ಉಪಕರಣ ಸಂಪೂರ್ಣ ಸ್ಟೆರೈಲ್ (ಯಾವ ರೋಗಾಣುವೂ ಉಳಿಯದಂತೆ) ಆಗಿರಬೇಕು. ಲೋಳೆಪೊರೆಯನ್ನು ಮುಟ್ಟುವುದಕ್ಕೆ ಉನ್ನತ ಮಟ್ಟದ ಸೋಂಕುನಿವಾರಣೆ ಸಾಕು. ಅದರಲ್ಲಿ ಕ್ಷಯದ ರೋಗಾಣು ಸೇರಿ ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರಗಳು ಸಾಯುತ್ತವೆ, ಕೆಲವು ಸ್ಪೋರ್‌ಗಳು (ಬ್ಯಾಕ್ಟೀರಿಯಾದ ಗಟ್ಟಿ ಕವಚದ ಸುಪ್ತ ರೂಪ) ಮಾತ್ರ ಉಳಿಯಬಹುದು. ಬಯಾಪ್ಸಿ ಇಕ್ಕುಳ ಲೋಳೆಪೊರೆಯನ್ನೇ ಕಚ್ಚಿ ತೆಗೆಯುವುದರಿಂದ ಮೊದಲ ಗುಂಪಿಗೆ ಸೇರುತ್ತದೆ. ಅದು ಸ್ಟೆರೈಲ್ ಆಗಿರಲೇಬೇಕು. ಒಮ್ಮೆ ಬಳಸಿ ಎಸೆಯುವಂಥದ್ದಾದರೆ ಇನ್ನೂ ಒಳ್ಳೆಯದು.

ಶುಚಿ ಕೆಲಸ ರೋಗಿಯ ಮಂಚದ ಪಕ್ಕದಲ್ಲೇ ಶುರುವಾಗಬೇಕು. ಸ್ಕೋಪ್ ಹೊರಬಂದ ತಕ್ಷಣ ಅದನ್ನು ಡಿಟರ್ಜೆಂಟ್ ಬಟ್ಟೆಯಿಂದ ಒರೆಸಿ, ಅದೇ ದ್ರಾವಣವನ್ನು ಸಕ್ಷನ್ ಚಾನೆಲ್‌ನೊಳಗೆ (ದ್ರವ ಹೀರುವ ಒಳಕೊಳವೆ) ಎಳೆಸಿ, ಗಾಳಿ-ನೀರಿನ ಚಾನೆಲ್‌ಗೂ ಹಾಯಿಸುತ್ತಾರೆ. ಹೊರಮೈ ಶುಚಿ ಮಾಡುವುದು ಸುಲಭ, ಕಷ್ಟವಿರುವುದು ಒಳಗೆ. ಸಾಮಾನ್ಯ ಗ್ಯಾಸ್ಟ್ರೋಸ್ಕೋಪ್‌ನ ಸಕ್ಷನ್ ಚಾನೆಲ್ 2.8 ಮಿಲಿಮೀಟರ್ ಅಗಲ, ಮೀಟರ್‌ಗಿಂತ ಉದ್ದ. ಗಾಳಿ-ನೀರಿನ ಕೊಳವೆಗಳು ಅದಕ್ಕಿಂತಲೂ ಎಷ್ಟೋ ಸಣ್ಣವು, ಹೆಚ್ಚಿನ ಸ್ಕೋಪ್‌ಗಳಲ್ಲಿ ಅವುಗಳೊಳಗೆ ಬ್ರಷ್ ತೂರುವುದೇ ಇಲ್ಲ. ರಕ್ತ, ಲೋಳೆ, ಮಲ ಅಲ್ಲಿ ಒಣಗಿದರೆ ಮತ್ತೆ ಬಿಡಿಸುವುದು ಕಷ್ಟ. ಹಾಗಾಗಿ ಕೈತೊಳೆತ ಒಂದು ಗಂಟೆಯೊಳಗೆ ಶುರುವಾಗಬೇಕೆಂಬ ನಿಯಮವಿದೆ.

ತೊಳೆಯುವ ದ್ರಾವಣಕ್ಕಿಳಿಸುವ ಮುಂಚೆ ಲೀಕ್ ಟೆಸ್ಟ್. ಸ್ಕೋಪ್‌ನೊಳಗೆ ಗಾಳಿಯ ಒತ್ತಡ ಕೊಟ್ಟು, ನೀರಿನಲ್ಲಿ ಮುಳುಗಿಸಿ, ತುದಿಯನ್ನು ಎಲ್ಲ ದಿಕ್ಕಿಗೂ ಬಾಗಿಸಿ ಗುಳ್ಳೆ ಬರುತ್ತದೆಯೇ ನೋಡುತ್ತಾರೆ. ಸೂಜಿಮೊನೆಯಷ್ಟು ತೂತಿದ್ದರೂ ಕೊಳೆ ನೀರು ಒಳಸೇರಿ, ಸೋಂಕುನಿವಾರಕ ತಲುಪದ ಜಾಗದಲ್ಲಿ ಕೂರುತ್ತದೆ. ಆಮೇಲೆ ವಾಲ್ವ್‌ಗಳನ್ನೆಲ್ಲ ಬಿಚ್ಚಿ, ಚಾನೆಲ್‌ಗೆ ತಕ್ಕ ಅಳತೆಯ ಬ್ರಷ್ ಹಾಕಿ ಉಜ್ಜಬೇಕು. ಎಷ್ಟು ಸಲ? ಹೊರಬಂದ ಬ್ರಷ್‌ನಲ್ಲಿ ಕೊಳೆ ಕಾಣದಷ್ಟು ಸಲ. ರೋಗಿಗಳ ಸರದಿ ಉದ್ದವಿದ್ದಾಗ ಮೊದಲು ಕತ್ತರಿ ಬೀಳುವುದು ಈ ಹೆಜ್ಜೆಗೇ, ಅದು ನಿಜಕ್ಕೂ ಅಪಾಯ. ಉಳಿದ ಪ್ರೋಟೀನನ್ನು ಗ್ಲುಟರಾಲ್ಡಿಹೈಡ್ ಎಂಬ ಸೋಂಕುನಿವಾರಕ ತೊಳೆದು ತೆಗೆಯುವುದಿಲ್ಲ, ಅಲ್ಲಿಯೇ ಗಟ್ಟಿ ಅಂಟಿಸುತ್ತದೆ. ಅದರಡಿ ರೋಗಾಣುಗಳು ಬದುಕಿಕೊಳ್ಳುತ್ತವೆ.

ಈ ತೊಳೆತಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಒಂದು ಲೆಕ್ಕ ನೋಡಿ. ಶೇ. 2.4ರ ಗ್ಲುಟರಾಲ್ಡಿಹೈಡ್‌ಗೆ ಅಮೆರಿಕದ ಲೇಬಲ್ ಹೇಳುವುದು 25 ಡಿಗ್ರಿಯಲ್ಲಿ 45 ನಿಮಿಷ. ಅಲ್ಲಿನ ಎಂಡೋಸ್ಕೋಪಿ ತಜ್ಞರ ಸಂಘಗಳು 20 ಡಿಗ್ರಿಯಲ್ಲಿ 20 ನಿಮಿಷ ಸಾಕೆಂದು ಒಪ್ಪಿದ್ದು, ಕೈತೊಳೆತ ಶ್ರದ್ಧೆಯಿಂದ ಆಗಿರುತ್ತದೆ ಎಂಬ ಷರತ್ತಿನ ಮೇಲೆ ಮಾತ್ರ. ಇನ್ನೊಂದು ಸೋಂಕುನಿವಾರಕವಾದ ಆರ್ಥೋಥಾಲಾಲ್ಡಿಹೈಡ್ ಶೇ. 0.55 ಇದ್ದರೆ 20 ಡಿಗ್ರಿಯಲ್ಲಿ 12 ನಿಮಿಷ. ಪದೇಪದೇ ಬಳಸಿದಂತೆ ದ್ರಾವಣ ತೆಳುವಾಗುತ್ತದೆ. ಆದ್ದರಿಂದ ಪ್ರತಿ ಬಳಕೆಗೆ ಮುನ್ನ ಪರೀಕ್ಷಾ ಪಟ್ಟಿ ಅದ್ದಿ ಸಾಂದ್ರತೆ ನೋಡಬೇಕು. ಆರ್ಥೋಥಾಲಾಲ್ಡಿಹೈಡ್ ಶೇ. 0.3ಕ್ಕಿಂತ ಕೆಳಗಿಳಿದರೆ ಚೆಲ್ಲಬೇಕು. ತೇದಿ ಮೀರಿಲ್ಲ ಎಂಬುದು ನೆಪವಾಗದು.

ನಂತರ ಧಾರಾಳ ನೀರಿನಲ್ಲಿ ಜಾಲಾಡಬೇಕು. ಗ್ಲುಟರಾಲ್ಡಿಹೈಡ್ ಉಳಿದರೆ ಕೊಲೊನೋಸ್ಕೋಪಿ ಆದ ಒಂದೆರಡು ದಿನದಲ್ಲಿ ಹೊಟ್ಟೆನೋವು, ರಕ್ತಭೇದಿ ಕಾಣಿಸಿಕೊಳ್ಳಬಹುದು. ಇದು ಸೋಂಕಲ್ಲ, ರಾಸಾಯನಿಕದಿಂದಾದ ಕರುಳಿನ ಉರಿಯೂತ.

ಒಣಗಿಸುವುದನ್ನು ಅನೇಕರು ಕೆಲಸ ಮುಗಿದ ಮೇಲಿನ ಸಣ್ಣ ವಿಷಯವೆಂದುಕೊಳ್ಳುತ್ತಾರೆ. ಹಾಗಲ್ಲ. ಒದ್ದೆ ಚಾನೆಲ್‌ನಲ್ಲಿ ಸ್ಯೂಡೊಮೊನಾಸ್‌ನಂಥ ನೀರಿನ ಬ್ಯಾಕ್ಟೀರಿಯಾಗಳು ಒಂದೇ ರಾತ್ರಿಯಲ್ಲಿ ಬೆಳೆದು, ಗೋಡೆಗಂಟಿದ ಬಯೋಫಿಲ್ಮ್ (ಬ್ಯಾಕ್ಟೀರಿಯಾಗಳ ಲೋಳೆ ಪದರ) ಕಟ್ಟಬಲ್ಲವು. ಕನಿಷ್ಠ 10 ನಿಮಿಷ ಶುದ್ಧ ಗಾಳಿಯನ್ನು ಒತ್ತಡದಲ್ಲಿ ಹಾಯಿಸಿ, ವಾಲ್ವ್ ಹಾಕದೆ, ಗಾಳಿಯಾಡುವ ಕಪಾಟಿನಲ್ಲಿ ನೇತುಹಾಕಬೇಕು. ಸುತ್ತಿ ಪೆಟ್ಟಿಗೆಯಲ್ಲಿಡಬಾರದು.

ಇದೆಲ್ಲ ಸರಿಯಿದ್ದರೂ ತೊಂದರೆ ಕೊಟ್ಟ ಒಂದು ಉಪಕರಣವುಂಟು: ಪಿತ್ತನಾಳದ ಚಿಕಿತ್ಸೆಗೆ ಬಳಸುವ ಡುಯೋಡೆನೋಸ್ಕೋಪ್. ಅದರ ತುದಿಯಲ್ಲಿ ಉಪಕರಣಗಳನ್ನು ಎತ್ತಿ ಕೊಡುವ ಪುಟ್ಟ ಸನ್ನೆಗೋಲಿದೆ. ಅದರ ಸಂದಿಗೆ ಬ್ರಷ್ ಸರಿಯಾಗಿ ತಲುಪದು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಅಲ್ಲಿಂದ ಹರಡಿದ ಪ್ರಕರಣಗಳ ಬಗ್ಗೆ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಎಚ್ಚರಿಸಿತು. 2019ರಲ್ಲಿ, ಬಿಚ್ಚಿ ಎಸೆಯಬಹುದಾದ ತುದಿಯಿರುವ ಮಾದರಿಗಳಿಗೆ ಬದಲಾಗಿ ಎಂದು ಸೂಚಿಸಿತು. ನಿಮಗೆ ಆಗುತ್ತಿರುವುದು ಸಾಮಾನ್ಯ ಎಂಡೋಸ್ಕೋಪಿಯಾದರೆ ಈ ಸನ್ನೆಗೋಲಿನ ಪ್ರಶ್ನೆ ಬರುವುದಿಲ್ಲ.

ನೀವು ಸಂಕೋಚವಿಲ್ಲದೆ ಕೇಳಬಹುದಾದದ್ದು ಎರಡು: ಬಯಾಪ್ಸಿ ತೆಗೆದರೆ ಇಕ್ಕುಳ ಸ್ಟೆರೈಲ್ ಇರುತ್ತದೆಯೇ? ಯಾವ ಸ್ಕೋಪ್ ಯಾರಿಗೆ ಬಳಸಿದರು, ಯಾರು ತೊಳೆದರು ಎಂಬ ದಾಖಲೆ ಇಡುತ್ತಾರೆಯೇ? ಮುಂದೆ ಆ ಸ್ಕೋಪ್‌ನಲ್ಲಿ ದೋಷ ಕಂಡರೆ, ಅದರ ನಂಬರಿನ ಎದುರು ನಿಮ್ಮ ಹೆಸರಿದ್ದರೆ ಮಾತ್ರ ನಿಮ್ಮನ್ನು ಕರೆಸಿ ರಕ್ತಪರೀಕ್ಷೆ ಮಾಡಿಸಲು ಸಾಧ್ಯ.