ಅರೆಕಾಸಿನ ಗೂನು ಸೇತುವೆ

ದೋಸೆ ಹುಯ್ಯುವ ಬೀಡಿನ ಕಾವಲಿಯನ್ನು ಕೈಜಾರಿ ಕಲ್ಲುನೆಲಕ್ಕೆ ಬೀಳಿಸಿದವರಿಗೆ ಈ ಅಂಕಣದ ಅರ್ಧ ಪಾಠ ಆಗಲೇ ಗೊತ್ತಿದೆ. ಅದು ಸೊಟ್ಟಗಾಗುವುದಿಲ್ಲ, ನೆಗ್ಗುವುದಿಲ್ಲ; ಒಂದು ಸದ್ದು, ಎರಡು ಹೋಳು. ಆದರೆ ಅದೇ ಕಾವಲಿಯನ್ನು ಮಟ್ಟಸವಾಗಿಟ್ಟು ಮೇಲೆ ರುಬ್ಬುಗುಂಡನ್ನೇ ಇಟ್ಟರೂ ಅದಕ್ಕೇನೂ ಅನ್ನಿಸದು. ಬೀಡು ಕಬ್ಬಿಣದ ಜಾತಿಯೇ ಅಂಥದ್ದು. ಒತ್ತಿದರೆ ಬಂಡೆ, ಎಳೆದರೆ ಹಪ್ಪಳ.

ಹಳೆಯ ಸೇತುವೆಗಳನ್ನು ತಪಾಸಣೆ ಮಾಡುವುದು ನನ್ನ ಕಸುಬು. ಹಾಗಾಗಿ ಯಾವ ಊರಿಗೆ ಹೋದರೂ ಕಣ್ಣು ಮೊದಲು ಹೊಳೆಯ ಕಡೆಗೇ. ಐರ್ಲೆಂಡಿನ ಡಬ್ಲಿನ್ನಿಗೆ ಹೋದಾಗ ಗೆಳೆಯರ ಮಗಳು, ಅಲ್ಲೇ ಸಾಫ್ಟ್‌ವೇರ್ ಕೆಲಸದಲ್ಲಿರುವವಳು, ಲಿಫಿ ನದಿಯ ಮೇಲಿನ ಹೇಪೆನಿ ಬ್ರಿಜ್‌ಗೆ ಕರೆದುಕೊಂಡು ಹೋದಳು. ಮೂರು ದೀಪದ ಕಮಾನುಗಳನ್ನು ಹೊತ್ತ ಬಿಳಿ ಕಾಲುಸೇತುವೆ. ನಡುವೆ ನಿಂತು ಅವಳು ಕೇಳಿದ್ದು ಒಳ್ಳೆಯ ಪ್ರಶ್ನೆ: "ಅಂಕಲ್, ಪಕ್ಕದ ಸೇತುವೆಗಳೆಲ್ಲ ಹೆಚ್ಚುಕಮ್ಮಿ ಸಪಾಟಾಗಿವೆ. ಇದಕ್ಕೆ ಮಾತ್ರ ಯಾಕೆ ಇಷ್ಟು ಗೂನು?"

ಚೆಂದಕ್ಕೆ ಅಂತ ಯಾರೂ ಬಗ್ಗಿಸಿದ್ದಲ್ಲ. ಬೇರೆ ದಾರಿ ಇರಲಿಲ್ಲ.

1816ರಲ್ಲಿ ಇದನ್ನು ಕಟ್ಟುವಾಗ ಇಂದಿನ ಉಕ್ಕಿನ ತೊಲೆಗಳು ಕನಸಿನಲ್ಲೂ ಇರಲಿಲ್ಲ. ಕೈಗೆ ಸಿಗುತ್ತಿದ್ದದ್ದು ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್ ಕುಲುಮೆಯ ಬೀಡು. 1779ರಲ್ಲಿ ಜಗತ್ತಿನ ಮೊದಲ ದೊಡ್ಡ ಬೀಡಿನ ಸೇತುವೆ ನಿಂತದ್ದೂ ಅಲ್ಲೇ. ಅದರ ಜೋಡಣೆಗಳನ್ನು ನೋಡಿದರೆ ಬಡಗಿಗಳಿಗೆ ನಗು ಬರುತ್ತದೆ, ಕಬ್ಬಿಣಕ್ಕೂ ಮರದ ಹಾಗೆ ಕಚ್ಚು ಹಾಕಿ ಕೂಡಿಸಿದ್ದಾರೆ. ಇಂಥ ಲೋಹದಲ್ಲಿ ಒಂದು ಉದ್ದ ತೊಲೆ ಎರಕ ಹೊಯ್ದು ಹೊಳೆಗೆ ಅಡ್ಡ ಹಾಕಿದರೆ, ಜನ ಹತ್ತಿದಾಗ ತೊಲೆಯ ಹೊಟ್ಟೆಯ ಭಾಗ ಹಿಗ್ಗಲು ನೋಡುತ್ತದೆ. ಹಿಗ್ಗುವುದು ಅದಕ್ಕೆ ಬರುವುದಿಲ್ಲ, ಮುರಿಯುತ್ತದೆ. ಕಮಾನು ಕಟ್ಟಿದರೆ ಕತೆಯೇ ಬೇರೆ. ಮೇಲಿನ ಭಾರವೆಲ್ಲ ಕಮಾನಿನ ಮೈಯುದ್ದಕ್ಕೂ ಒತ್ತಡವಾಗಿ ಹರಿದು ದಡ ಸೇರುತ್ತದೆ. ಕೆಳಗೆ ದೋಣಿಗಳಿಗೂ ತಲೆ ಎತ್ತಲು ಜಾಗ ಬೇಕಿತ್ತು. ಗೂನಿನ ಗುಟ್ಟು ಇಷ್ಟೇ.

ಆದರೆ ಈ ಕಮಾನಿನಲ್ಲಿ ಒಂದು ಧೈರ್ಯವಿದೆ, ಅದನ್ನು ನೋಡಲೆಂದೇ ನಾನು ದಡಕ್ಕಿಳಿದು ಬಗ್ಗಿ ನೋಡುತ್ತಿದ್ದೆ. ದಡದಿಂದ ದಡಕ್ಕೆ 43 ಮೀಟರ್. ಕಮಾನಿನ ಏರು ಬರೀ 3.35 ಮೀಟರ್. ಬಿಲ್ಲನ್ನು ಬಗ್ಗಿಸಿಯೂ ಬಗ್ಗಿಸದಂತೆ ಬಿಟ್ಟ ಹಾಗೆ. ಕಮಾನು ಚಪ್ಪಟೆಯಾದಷ್ಟೂ ಅದರ ಪಾದಗಳು ದಡವನ್ನು ಹೊರಕ್ಕೆ ತಳ್ಳುವುದು ಹೆಚ್ಚು. ಕಾಗದದ ಮೇಲೆ ಗೀಚಿ ನೋಡಿದೆ: ಭಾರ ಸಮನಾಗಿ ಹರಡಿದೆ ಎಂದುಕೊಂಡರೆ, ಸೇತುವೆಯ ಒಟ್ಟು ಭಾರದ ಒಂದೂವರೆ ಪಟ್ಟಿಗೂ ಮೀರಿದ ತಳ್ಳು ಒಂದೊಂದು ದಡಕ್ಕೂ ಬೀಳುತ್ತದೆ. ಎಲ್ಲರೂ ಫೋಟೋ ತೆಗೆಯುವುದು ಬಿಳಿ ಕಬ್ಬಿಣವನ್ನು. ನಿಜವಾದ ಪೈಲ್ವಾನರು ದಡದ ಕಲ್ಲುಕಟ್ಟೆಗಳು, ಅವುಗಳ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ.

ಇನ್ನು ಹೆಸರಿನ ಕತೆ. ಸೇತುವೆಗೆ ಮೊದಲು ಇಲ್ಲಿ ಹೊಳೆ ದಾಟಲು ದೋಣಿಗಳಿದ್ದವು. ನಡೆಸುತ್ತಿದ್ದವನು ವಿಲಿಯಂ ವಾಲ್ಶ್. ದೋಣಿಗಳು ಲಡ್ಡಾದಾಗ ಊರಿನ ಆಡಳಿತ ಅವನಿಗೆ ಎರಡೇ ದಾರಿ ಕೊಟ್ಟಿತು: ದೋಣಿ ರಿಪೇರಿ ಮಾಡಿಸು, ಇಲ್ಲವೇ ಸೇತುವೆ ಕಟ್ಟಿಸು. ವಾಲ್ಶ್ ಲೆಕ್ಕದ ಮನುಷ್ಯ. ಸೇತುವೆಗೇ ಕೈಹಾಕಿ, ನೂರು ವರ್ಷ ಸುಂಕ ಎತ್ತುವ ಹಕ್ಕು ಪಡೆದ. ಸುಂಕ ಅರ್ಧ ಪೆನ್ನಿ, ಅಂದರೆ ದೋಣಿಗೆ ಕೊಡುತ್ತಿದ್ದಷ್ಟೇ. ಆ ಅರ್ಧ ಪೆನ್ನಿಯೇ ಜನರ ಬಾಯಲ್ಲಿ ಹೇಪೆನಿ ಆಯಿತು. ನನಗೆ ಬಹಳ ಹಿಡಿಸಿದ್ದು ಕರಾರಿನ ಇನ್ನೊಂದು ಷರತ್ತು: ಮೊದಲ ವರ್ಷದೊಳಗೆ ಊರಿನವರಿಗೆ ಸೇತುವೆಯೋ ಸುಂಕವೋ ಸರಿಬೀಳದಿದ್ದರೆ, ಊರಿಗೆ ಕಾಸಿನ ಖರ್ಚೂ ಬಾರದಂತೆ ಅದನ್ನು ಕಿತ್ತು ಒಯ್ಯಬೇಕು. ನಮ್ಮ ಟೋಲ್ ರಸ್ತೆಗಳ ಕರಾರಿನಲ್ಲಿ ಇಂಥದ್ದೊಂದು ಸಾಲು ಇದ್ದಿದ್ದರೆ ಎಂದು ಒಂದು ಗಳಿಗೆ ಆಸೆಯಾಯಿತು. ಸುಂಕ ನಿಂತದ್ದು 1919ರಲ್ಲಿ.

ಸರ್ಕಾರಿ ಕಾಗದದಲ್ಲಿ ಮಾತ್ರ ಇದಕ್ಕೆ ಮೊದಲಿದ್ದ ಹೆಸರು ವೆಲಿಂಗ್ಟನ್ ಸೇತುವೆ. ಹಿಂದಿನ ವರ್ಷವಷ್ಟೇ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ್ದ ಡ್ಯೂಕ್, ಹುಟ್ಟಿದ್ದು ಡಬ್ಲಿನ್ನಿನಲ್ಲೇ. ನಮಗೆ ಅವನು ಬೇರೆ ಹೆಸರಿನಲ್ಲಿ ಗೊತ್ತು: ಆರ್ಥರ್ ವೆಲ್ಲೆಸ್ಲಿ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದಲ್ಲಿ ಅಧಿಕಾರ ವಹಿಸಿಕೊಂಡವನು. ಅವನ ಅಣ್ಣ, ಗವರ್ನರ್ ಜನರಲ್ ಆಗಿದ್ದ ರಿಚರ್ಡ್‌ನ ಹೆಸರಿನಲ್ಲೂ ಒಂದು ಸೇತುವೆ ಇದೆ. ಅದು ನಮ್ಮ ಕಾವೇರಿಯ ಮೇಲೆ. ದಿವಾನ್ ಪೂರ್ಣಯ್ಯನವರು 1804ರ ಹೊತ್ತಿಗೆ ಕಟ್ಟಿಸಿದ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ. ಅಣ್ಣನಿಗೆ ಕಾವೇರಿ, ತಮ್ಮನಿಗೆ ಲಿಫಿ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ನನ್ನಂಥವನಿಗೆ ಹಬ್ಬ. ಪೂರ್ಣಯ್ಯನವರ ಕೆಲಸಗಾರರಿಗೆ ಸಿಕ್ಕಿದ್ದು ಕಲ್ಲು. ಅದಕ್ಕೂ ಬೀಡಿನದೇ ರೋಗ, ಒತ್ತಡ ತಡೆಯುತ್ತದೆ, ಎಳೆತ ತಡೆಯದು. ಆದರೆ ಅವರು ಕಮಾನಿನ ಗೋಜಿಗೆ ಹೋಗದೆ ದೇವಸ್ಥಾನ ಕಟ್ಟುವವರ ಬುದ್ಧಿ ಬಳಸಿದರು. ಹತ್ತಿರ ಹತ್ತಿರ ಕಂಬ ನೆಟ್ಟು, ಕಂಬದ ತಲೆಯ ಮೇಲೆ ಬೋದಿಗೆಯಂತೆ ಚಾಚುಗಲ್ಲು ಇಟ್ಟು, ತೊಲೆಗಲ್ಲು ಹಾಯಬೇಕಾದ ದೂರವನ್ನೇ ಕಡಿಮೆ ಮಾಡಿದರು. ಕಾವೇರಿಯ ಪಾತ್ರದಲ್ಲಿ ಬಂಡೆ ಇದೆ, ಬೇಸಿಗೆಯಲ್ಲಿ ನೀರಿಳಿಯುತ್ತದೆ, ಕಂಬಕ್ಕೆ ಅಡಚಣೆಯಿಲ್ಲ. ಲಿಫಿಯಲ್ಲಿ ಸಮುದ್ರದ ಉಬ್ಬರವಿಳಿತ, ದೋಣಿಗಳ ಓಡಾಟ. ನಡುವೆ ಕಂಬ ಬೇಡ, ಒಂದೇ ಜಿಗಿತ ಬೇಕು.

ಡಬ್ಲಿನ್ನಿನವರು ಈ ಸೇತುವೆಯನ್ನು ಎಂದೂ ತಲೆಮೇಲೆ ಹೊತ್ತು ಮೆರೆಸಿದರು ಎಂದುಕೊಳ್ಳಬೇಡಿ. 1913ರಲ್ಲಿ, ನಮ್ಮ ಹೊಸದಿಲ್ಲಿಯ ವಾಸ್ತುಶಿಲ್ಪಿ ಲುಟ್ಯೆನ್ಸ್ ಸಾಹೇಬರೇ ಇಲ್ಲಿ ಹೊಳೆಯ ಮೇಲೆ ಚಿತ್ರಶಾಲೆಯನ್ನೇ ಸೇತುವೆಯಾಗಿ ಕಟ್ಟುವ ನಕ್ಷೆ ಹಾಕಿದ್ದರು. ನಗರಸಭೆ ಒಪ್ಪಲಿಲ್ಲ, ಹಳೆಯದು ಉಳಿಯಿತು.

1998ರ ತಪಾಸಣೆಯಲ್ಲಿ ರಿಪೇರಿ ಅನಿವಾರ್ಯ ಎಂದು ಗೊತ್ತಾಯಿತು. ಆಮೇಲೆ ಅವರು ಮಾಡಿದ್ದನ್ನು ನಾನು ಕಿರಿಯ ಎಂಜಿನಿಯರುಗಳಿಗೆ ಬಿಡದೆ ಹೇಳುತ್ತೇನೆ. ಸೇತುವೆ ಮುಚ್ಚಿದರು. ಭಾರ ಹೊರಲು ಒಳಗೊಂದು ತಾತ್ಕಾಲಿಕ ಬೈಲಿ ಬ್ರಿಜ್, ಅಂದರೆ ಬಿಡಿ ಚೌಕಟ್ಟುಗಳನ್ನು ಕೂಡಿಸಿ ಕಟ್ಟುವ ಉಕ್ಕಿನ ಸೇತುವೆ, ಕೂರಿಸಿದರು. ಕಟಕಟೆಯ 1000ಕ್ಕೂ ಹೆಚ್ಚು ತುಂಡುಗಳಿಗೆ ಒಂದೊಂದಕ್ಕೂ ಗುರುತಿನ ಚೀಟಿ ಕಟ್ಟಿ, ಬಿಚ್ಚಿ, ಉತ್ತರ ಐರ್ಲೆಂಡಿಗೆ ಕಳಿಸಿ ಸರಿಮಾಡಿಸಿದರು. ಕಟಕಟೆಯ ಮೂಲ ಕಬ್ಬಿಣದಲ್ಲಿ ಶೇ. 85 ಹಾಗೇ ಉಳಿಯಿತು. ಮೂಲದ ಬಿಳಿ ಬಣ್ಣವೂ ಮರಳಿತು. 2001ರ ಡಿಸೆಂಬರಿನಲ್ಲಿ ಮತ್ತೆ ತೆರೆದರು. ಗುಜರಾತಿನ ಮೋರ್ಬಿಯಲ್ಲಿ 2022ರಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ: ಅದೂ 19ನೇ ಶತಮಾನದ ಕಾಲುಸೇತುವೆ, ಅದೂ ದುರಸ್ತಿಯಾಗಿ ತೆರೆದದ್ದೇ. ತೆರೆದ ನಾಲ್ಕೇ ದಿನಕ್ಕೆ ಹರಿದುಬಿದ್ದು 135 ಜನ ಹೋದರು. ತನಿಖೆಯವರು ನೋಡಿದಾಗ ಒಂದು ಕೇಬಲ್ಲಿನ 49 ತಂತಿಗಳಲ್ಲಿ 22 ಮೊದಲೇ ತುಕ್ಕು ತಿಂದು ಕೂತಿದ್ದವು. ಹೊಸ ನೆಲಹಾಸು ಕಣ್ಣಿಗೆ ಕಾಣುತ್ತದೆ, ಹಗ್ಗದೊಳಗಿನ ತಂತಿ ಕಾಣುವುದಿಲ್ಲ.

ಜೋಡಿಗಳು ಹೆಸರು ಕೆತ್ತಿ ಕಟಕಟೆಗೆ ಬೀಗ ಹಾಕುವ ಖಯಾಲಿ ಇಲ್ಲಿಗೂ ಬಂದಿತ್ತು. ನಗರಪಾಲಿಕೆ ಕತ್ತರಿಸಿ ತೆಗೆಸಿತು. ಪ್ರೇಮದ ವೈರಿ ಅನ್ನಿಸಿಕೊಂಡರೂ ಪರವಾಗಿಲ್ಲ, ನಾನು ಪಾಲಿಕೆಯ ಪಕ್ಷ. ಬೀಗ ಗಾಳಿಗೆ ಉಜ್ಜಿ ಉಜ್ಜಿ ಬಣ್ಣ ಕೀಳುತ್ತದೆ, ಸಂದಿಯಲ್ಲಿ ನೀರು ನಿಲ್ಲುತ್ತದೆ. ಹಿತ್ತಾಳೆಯ ಬೀಗವಾದರಂತೂ ಒದ್ದೆಯಲ್ಲಿ ತನಗೇನೂ ಆಗದೆ ಪಕ್ಕದ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಸುತ್ತದೆ.

ಅಗಲ 12 ಅಡಿಯಷ್ಟೇ, ಸಂಜೆಯ ಜನ ನಮ್ಮನ್ನು ಸವರಿಕೊಂಡು ಹೋಗುತ್ತಿದ್ದರು. ಇದನ್ನೆಲ್ಲ ಕೇಳಿಸಿಕೊಂಡ ಹುಡುಗಿ ಕಟಕಟೆಯ ಮೇಲೆ ಕೈಯಾಡಿಸುತ್ತಾ, "ಹಾಗಾದರೆ ಹಳೇದು ಯಾವುದು, ಹೊಸದು ಯಾವುದು, ತೋರಿಸಿ ಅಂಕಲ್" ಅಂದಳು. ಕನ್ನಡಕ ಹಾಕಿಕೊಂಡು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಮೂವತ್ತು ವರ್ಷದ ಕಸುಬು ಇಟ್ಟುಕೊಂಡೂ ನನಗೆ ಹೇಳಲಾಗಲಿಲ್ಲ.