ಟಕಾಯಾಸು ಆರ್ಟರೈಟಿಸ್ ಅಂದ್ರೆ ಏನು?

ಹೃದಯದಿಂದ ಹೊರಡುವ ಮಹಾಪಧಮನಿ, ಅದರಿಂದ ಕವಲೊಡೆದು ಕುತ್ತಿಗೆ, ಕೈ, ಕಿಡ್ನಿಗೆ ಹೋಗುವ ದೊಡ್ಡ ರಕ್ತನಾಳಗಳು, ಇವುಗಳ ಗೋಡೆಗೆ ಉರಿಯೂತ ಬರುವ ಅಪರೂಪದ ಕಾಯಿಲೆ ಇದು. ಅಂಟುರೋಗ ಅಲ್ಲ. ನಾಳದ ಗೋಡೆ ದಪ್ಪಗಾಗುತ್ತಾ ಹೋಗಿ ಒಳದಾರಿ ಕಿರಿದಾಗುತ್ತದೆ. ಹೆಚ್ಚಾಗಿ ಬರುವುದು ಹೆಂಗಸರಿಗೆ, ಅದೂ 40 ದಾಟುವ ಮೊದಲೇ.

1908ರಲ್ಲಿ ಜಪಾನಿನ ಕಣ್ಣಿನ ಡಾಕ್ಟರ್ ಮಿಕಿಟೊ ಟಕಾಯಾಸು ಒಬ್ಬ ಯುವತಿಯ ಕಣ್ಣಿನೊಳಗೆ ರಕ್ತನಾಳಗಳು ವಿಚಿತ್ರವಾಗಿ ಸುತ್ತುಗಟ್ಟಿದ್ದನ್ನು ವರದಿ ಮಾಡಿದರು. ಇಂಥದ್ದೇ ಕಣ್ಣಿನ ತೊಂದರೆ ಇದ್ದ ತಮ್ಮ ರೋಗಿಗಳಿಗೆ ಮಣಿಕಟ್ಟಿನಲ್ಲಿ ನಾಡಿಯೇ ಸಿಗಲಿಲ್ಲ ಅಂತ ಬೇರೆ ವೈದ್ಯರೂ ಹೇಳಿದರು. 'ನಾಡಿ ಇಲ್ಲದ ಕಾಯಿಲೆ' ಅನ್ನುವ ಇನ್ನೊಂದು ಹೆಸರು ಬಂದಿದ್ದು ಹಾಗೆ.

ರಾಯಚೂರು ಕಡೆ ಹತ್ತಿ ಬಿಡಿಸುವ ಹುಡುಗಿ "ಎಡಗೈ ಸೋತು ಬರ್ತದ" ಅಂದರೆ "ರಕ್ತ ಕಡಿಮಿ ಆಗ್ಯದ, ಟಾನಿಕ್ ಕುಡಿ" ಅಂತಾರೆ, ಅಲ್ವಾ? ಆ ಕೈಯಲ್ಲಿ ಬಿಪಿ ಸಿಗದಿದ್ದರೆ ಮೆಷಿನ್ ಕೆಟ್ಟಿದೆ ಅಂದುಕೊಂಡು ಬಿಡುತ್ತಾರೆ. ನಮ್ಮ ದೇಶದಲ್ಲಿ ಹೊಟ್ಟೆಯ ಭಾಗದ ಮಹಾಪಧಮನಿ, ಕಿಡ್ನಿಯ ನಾಳ ಕಿರಿದಾಗುವುದು ಜಾಸ್ತಿ. ಕಿಡ್ನಿಗೆ ರಕ್ತ ಸಾಲದೆ ಹೋದಾಗ ಅದು ಬಿಪಿ ಏರಿಸುವ ರೆನಿನ್ ಎಂಬ ವಸ್ತುವನ್ನು ಬಿಡುತ್ತದೆ, ಇಡೀ ಮೈಯ ಬಿಪಿ ಏರುತ್ತದೆ. ತುಂಗಭದ್ರಾ ಕಾಲುವೆಯ ಕೊನೆಯ ರೈತರು ನೀರು ಬರ್ತಿಲ್ಲ ಅಂತ ಗಲಾಟೆ ಮಾಡಿ ಡ್ಯಾಂ ಗೇಟು ಇನ್ನಷ್ಟು ತೆಗೆಸಿದ ಹಾಗೆ. ಮಧ್ಯದಲ್ಲಿ ಕಟ್ಟಿಕೊಂಡಿದ್ದನ್ನು ಮಾತ್ರ ಯಾರೂ ನೋಡುವುದಿಲ್ಲ.

ಇನ್ನು ಈ ರೋಗಿಗಳ ಅಧ್ಯಯನ. ಬಳ್ಳಾರಿಯ ಒಂದು ಆಸ್ಪತ್ರೆಗೆ ಬರುವ ಬೆರಳೆಣಿಕೆಯ ಜನರನ್ನು ನೋಡಿ ಏನೂ ಹೇಳಲಾಗದು. ಹಾಗಾಗಿ ಹಲವು ಕಡೆಯ ರೋಗಿಗಳನ್ನು ಒಂದು ಗುಂಪಾಗಿ ಸೇರಿಸಿ ಅವರನ್ನೇ ವರ್ಷಗಟ್ಟಲೆ ಹಿಂಬಾಲಿಸುತ್ತಾರೆ, ಇದಕ್ಕೆ ಕೊಹಾರ್ಟ್ ಅಂತಾರೆ. ಕಷ್ಟ ಏನೆಂದರೆ, ಉರಿಯೂತ ಪತ್ತೆಗೆ ಮಾಡುವ ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳು ನಾರ್ಮಲ್ ಬಂದರೂ ಒಳಗೆ ಉರಿಯೂತ ನಡೆದೇ ಇರಬಹುದು. ಅದಕ್ಕೇ ಎರಡೂ ಕೈಯ ಬಿಪಿ, ಕೈಕಾಲುಗಳ ನಾಡಿ, ಸ್ಟೆತಸ್ಕೋಪಿನಲ್ಲಿ ಕೇಳುವ ನಾಳದ ಸದ್ದು, ಸಿಟಿ ಅಥವಾ ಎಂಆರ್ ಆಂಜಿಯೋಗ್ರಾಂ, ಎಲ್ಲವನ್ನೂ ಮತ್ತೆ ಮತ್ತೆ ನೋಡಬೇಕು. ನಮ್ಮ ದೇಶದ ವೈದ್ಯರೇ ಮಾಡಿದ ರೋಗ ಈಗ ಎಷ್ಟು ಚುರುಕಾಗಿದೆ ಅಂತ ನೋಡುವ ಐಟಾಸ್ 2010 ಎಂಬ ಅಳತೆ ಇದೆ. ಕಳೆದ ಮೂರು ತಿಂಗಳಲ್ಲಿ ಹೊಸದಾಗಿ ಬಂದ ಅಥವಾ ಜಾಸ್ತಿಯಾದ ಲಕ್ಷಣಕ್ಕಷ್ಟೇ ಅದರಲ್ಲಿ ಅಂಕ, ಹಳೇ ಹಾನಿಗಿಲ್ಲ. ನನಗಂತೂ ಇದು ಬಹಳ ಜಾಣತನದ ಕೆಲಸ ಅನಿಸಿತು.

ಚಿಕಿತ್ಸೆ ಸ್ಟಿರಾಯ್ಡ್‌ನಿಂದ ಶುರು, ಜೊತೆಗೆ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್‌ನಂಥ ಔಷಧ, ಕೆಲವರಿಗೆ ಸ್ಟೆಂಟ್ ಅಥವಾ ಬೈಪಾಸ್. ಸ್ಟಿರಾಯ್ಡ್ ಮಾತ್ರೆಯನ್ನು ಸುಮ್ನೆ ನಡುವೆ ಬಿಟ್ಟರೆ ಅಪಾಯ.

ಮೇಲೆ ಹೇಳಿದ ಕೊಹಾರ್ಟ್ ಗುಂಪುಗಳಿಗೆ ಸೇರುವವರು ಬಹುತೇಕ ದೊಡ್ಡ ಆಸ್ಪತ್ರೆ ಮುಟ್ಟಿದವರು. ಕುಷ್ಟಗಿಯ ಹಳ್ಳಿಯಲ್ಲಿ ಇಪ್ಪತ್ತೈದಕ್ಕೇ ಬಿಪಿ ಮಾತ್ರೆ ನುಂಗುತ್ತಿರುವವಳು ಆ ಲೆಕ್ಕಕ್ಕೆ ಬರಬೇಕಾದರೆ ಮೊದಲು ಯಾರಾದರೂ ಅವಳ ಇನ್ನೊಂದು ಕೈಗೂ ಪಟ್ಟಿ ಸುತ್ತಿ ಬಿಪಿ ನೋಡಬೇಕು.