ಜೀವ ಉಳಿದ ಮೇಲೆ: ಮೆದುಳಿನ ಹಾನಿಯನ್ನು ಅರಿತುಕೊಂಡ ಬಗೆ

ಹುಟ್ಟುವಾಗ ಸರಿಯಾಗಿದ್ದ ಮೆದುಳಿಗೆ ಮುಂದೆ ಯಾವುದೋ ಕಾರಣದಿಂದ ಒದಗುವ ಹಾನಿಯನ್ನು ‘ಆರ್ಜಿತ ಮೆದುಳಿನ ಹಾನಿ’ ಎನ್ನುತ್ತಾರೆ. ವಾಹನ ಅಪಘಾತದಲ್ಲಿ ಅಥವಾ ಬಿದ್ದು ತಲೆಗೆ ಪೆಟ್ಟಾಗುವುದಷ್ಟೇ ಇದರ ಕಾರಣವಲ್ಲ. ಪಾರ್ಶ್ವವಾಯು, ಮೆದುಳು ಜ್ವರ, ಗಡ್ಡೆ, ನೀರಿನಲ್ಲಿ ಮುಳುಗಿ ಅಥವಾ ಹೃದಯ ಸ್ತಂಭಿಸಿ ಆಮ್ಲಜನಕ ತಪ್ಪುವುದು, ಇವೆಲ್ಲವೂ ಇದರೊಳಗೆ ಬರುತ್ತವೆ. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮೆದುಳು ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ 20ರಷ್ಟನ್ನು ತಾನೊಂದೇ ಬಳಸುತ್ತದೆಯಾದ್ದರಿಂದ, ಪೂರೈಕೆ ನಿಂತ ಕೆಲವೇ ನಿಮಿಷಗಳಲ್ಲಿ ಅದರ ಜೀವಕೋಶಗಳು ಸಾಯತೊಡಗುತ್ತವೆ.

ತಲೆಯ ಗಾಯಗಳ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ಬರಹಗಳಲ್ಲೊಂದು ಸುಮಾರು ಕ್ರಿ.ಪೂ. 1600ರ ಕಾಲದ ಈಜಿಪ್ಟಿನ ಪಪೈರಸ್ ಸುರುಳಿ. ಅದರಲ್ಲಿ ವಿವರಿಸಿರುವ 48 ಪ್ರಕರಣಗಳಲ್ಲಿ ಕಪಾಲ ಒಡೆದು ಮಾತು ಕಳೆದುಕೊಂಡ ಗಾಯಾಳುವೂ ಇದ್ದಾನೆ. ಇಂಥ ಗಂಭೀರ ಪ್ರಕರಣಗಳಲ್ಲಿ ವೈದ್ಯ ಕೊಡುವ ತೀರ್ಮಾನ ಒಂದೇ: ಇದು ಚಿಕಿತ್ಸೆ ಮಾಡುವಂಥದ್ದಲ್ಲ. ಗಾಯಾಳು ಬದುಕುಳಿಯುವುದೇ ಅಪರೂಪವಾಗಿದ್ದ ಕಾಲದಲ್ಲಿ, ಬದುಕುಳಿದವನು ಮುಂದೆ ಹೇಗಿರುತ್ತಾನೆ ಎಂಬ ಪ್ರಶ್ನೆಗೆ ಅವಕಾಶವೇ ಇರಲಿಲ್ಲ.

ಆ ಪ್ರಶ್ನೆಯನ್ನು ಎತ್ತಿದ್ದು 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ನಡೆದ ಒಂದು ಅವಘಡ. ರೈಲು ಹಾದಿಗಾಗಿ ಬಂಡೆ ಸಿಡಿಸುತ್ತಿದ್ದ ಮೇಸ್ತ್ರಿ ಫಿನಿಯಸ್ ಗೇಜ್‌ನ ಎಡಗೆನ್ನೆಯ ಮೂಲಕ ಒಳಹೊಕ್ಕ ಒಂದು ಮೀಟರಿಗೂ ಉದ್ದದ ಕಬ್ಬಿಣದ ಸಲಾಕೆ, ಮೆದುಳಿನ ಮುಂಭಾಗವನ್ನು ಸೀಳಿಕೊಂಡು ನೆತ್ತಿಯಿಂದ ಹೊರಬಿತ್ತು. ಅವನು ಸಾಯಲಿಲ್ಲ, ಸ್ವಲ್ಪ ಹೊತ್ತಿನಲ್ಲೇ ಮಾತನಾಡಿದ. ಆದರೆ ಆತನ ಸ್ವಭಾವ ಬದಲಾಯಿತೆಂದೂ, ಹಳೆಯ ಕೆಲಸಕ್ಕೆ ಅವನನ್ನು ಮರಳಿ ತೆಗೆದುಕೊಳ್ಳಲಿಲ್ಲವೆಂದೂ ವೈದ್ಯ ಜಾನ್ ಹಾರ್ಲೊ 1868ರಲ್ಲಿ ಬರೆದರು. ಪಠ್ಯಪುಸ್ತಕಗಳು ಕಥೆಯನ್ನು ಬಹುಮಟ್ಟಿಗೆ ಅಲ್ಲಿಗೇ ಬಿಡುತ್ತವೆ. ನನಗೆ ಮುಖ್ಯವೆನಿಸುವುದು ಅದರ ಮುಂದಿನ ಭಾಗ: ಗೇಜ್ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆ ಗಾಡಿ ಓಡಿಸಿದ. ದಿನವೂ ಅದೇ ದಾರಿ, ಅದೇ ಹೊತ್ತು, ಅದೇ ಕ್ರಮ ಇರುವ ದುಡಿಮೆ ಅವನನ್ನು ಸಂಭಾಳಿಸಿರಬೇಕೆಂದು ಇಂದಿನ ಕೆಲವು ಸಂಶೋಧಕರು ಊಹಿಸುತ್ತಾರೆ. 1860ರಲ್ಲಿ ಮೂರ್ಛೆ ಮರುಕಳಿಸಿ ಅವನು ತೀರಿಕೊಂಡ. ಮೆದುಳಿನ ಗಾಯದ ನಂತರ ಎಷ್ಟೋ ವರ್ಷಗಳಾದ ಮೇಲೂ ಮೂರ್ಛೆರೋಗ ಕಾಣಿಸಿಕೊಳ್ಳಬಹುದು.

ಗೇಜ್ ತೀರಿಕೊಂಡ ಮರುವರ್ಷವೇ ಪ್ಯಾರಿಸ್‌ನಲ್ಲಿ ವೈದ್ಯ ಪಾಲ್ ಬ್ರೋಕಾ, ಮಾತು ನಿಂತುಹೋಗಿದ್ದ ರೋಗಿಯೊಬ್ಬನ ಮೆದುಳಿನ ಎಡ ಮುಂಭಾಗದಲ್ಲಿ ಹಾನಿಯನ್ನು ಗುರುತಿಸಿದರು. ಪೆಟ್ಟು ಬಿದ್ದ ಜಾಗಕ್ಕೂ ಕಳೆದುಹೋದ ಸಾಮರ್ಥ್ಯಕ್ಕೂ ಇರುವ ನಂಟು ಹೀಗೆ ಸ್ಪಷ್ಟವಾಗುತ್ತ ಬಂತು. ಎರಡು ಮಹಾಯುದ್ಧಗಳು ತಲೆಗೆ ಗುಂಡೇಟು ತಿಂದ ಸಾವಿರಾರು ಯುವಕರನ್ನು ಆಸ್ಪತ್ರೆಗೆ ತಂದಾಗ, ಜರ್ಮನಿಯಲ್ಲಿ ಕುರ್ಟ್ ಗೋಲ್ಡ್‌ಸ್ಟೈನ್, ಸೋವಿಯತ್ ಒಕ್ಕೂಟದಲ್ಲಿ ಅಲೆಕ್ಸಾಂಡರ್ ಲೂರಿಯಾ ಗಾಯ ವಾಸಿ ಮಾಡುವುದಕ್ಕಷ್ಟೇ ನಿಲ್ಲದೆ, ಓದು, ಮಾತು, ಕೆಲಸಗಳನ್ನು ಮತ್ತೆ ಕಲಿಸುವ ಪ್ರಯತ್ನಕ್ಕೆ ತೊಡಗಿದರು.

ದೊಡ್ಡ ತಿರುವು ಬಂದದ್ದು 1970ರ ದಶಕದಲ್ಲಿ. 1971ರಲ್ಲಿ ಲಂಡನ್‌ನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಸಿಟಿ ಸ್ಕ್ಯಾನ್ ನಡೆಯಿತು. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದ ವೈದ್ಯರಾದ ಟೀಸ್‌ಡೇಲ್ ಮತ್ತು ಜೆನೆಟ್, ಪ್ರಜ್ಞೆಯ ಮಟ್ಟವನ್ನು ಅಳೆಯುವ ಮಾಪಕವೊಂದನ್ನು ರೂಪಿಸಿದರು. ಇಂದು ಅದರ ಅಂಕಗಳನ್ನು 3ರಿಂದ 15ರವರೆಗೆ ಎಣಿಸುತ್ತಾರೆ; 15 ಎಂದರೆ ಪೂರ್ಣ ಎಚ್ಚರ. ತೀವ್ರ ನಿಗಾ ಘಟಕಗಳೂ ಸೇರಿಕೊಂಡು, ಹಿಂದೆ ಸಾಯುತ್ತಿದ್ದ ಎಷ್ಟೋ ಜನ ಮನೆಗೆ ಮರಳಿದರು. ಅವರಿಗಾಗಿ ಮುಂದೆ ಏನು ಮಾಡಬೇಕೆಂಬುದಕ್ಕೆ ಮಾತ್ರ ಸಿದ್ಧತೆ ಇರಲಿಲ್ಲ. 1980ರಲ್ಲಿ ಅಮೆರಿಕದಲ್ಲಿ ತಲೆಗಾಯಕ್ಕೆಂದೇ ಹುಟ್ಟಿದ ರಾಷ್ಟ್ರೀಯ ಪ್ರತಿಷ್ಠಾನಕ್ಕೆ ಗಾಯಾಳುವಿನ ಹೆತ್ತವರೇ ಮುಂದಾಗಬೇಕಾಯಿತು.

ಕೈಕಾಲಿನ ದೌರ್ಬಲ್ಯ ಕಣ್ಣಿಗೆ ಕಾಣುತ್ತದೆ. ಮರೆವು, ವಿಪರೀತ ದಣಿವು, ಸಣ್ಣದಕ್ಕೂ ಸಿಡಿಯುವ ಕೋಪ, ಯಾವುದನ್ನೂ ತಾನಾಗಿ ಆರಂಭಿಸಲಾಗದ ಮಂಕು ಕಾಣುವುದಿಲ್ಲ. ಇವನ್ನು ಸೋಮಾರಿತನ ಅಥವಾ ಹಟವೆಂದು ಭಾವಿಸುವವರೇ ಹೆಚ್ಚು. ತನ್ನಲ್ಲಿ ಬದಲಾವಣೆ ಆಗಿದೆ ಎಂಬ ಅರಿವೇ ಕೆಲವು ಗಾಯಾಳುಗಳಿಗೆ ಇರುವುದಿಲ್ಲ, ಏಕೆಂದರೆ ಆ ಅರಿವನ್ನು ಮೂಡಿಸುವ ಭಾಗಕ್ಕೇ ಪೆಟ್ಟಾಗಿರುತ್ತದೆ. ಚೇತರಿಕೆ ಮೊದಲ ತಿಂಗಳುಗಳಲ್ಲಿ ಚುರುಕಾಗಿದ್ದು, ನಂತರ ನಿಧಾನವಾಗಿ ವರ್ಷಗಟ್ಟಲೆ ಮುಂದುವರಿಯಬಹುದು. ಫಿಸಿಯೋಥೆರಪಿ ಮತ್ತು ವಾಕ್ ಚಿಕಿತ್ಸೆಯ ಜತೆಗೆ ದಿನಚರಿಯನ್ನು ಬರೆದಿಡುವುದು, ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳುವುದು, ಒಂದು ಹೊತ್ತಿಗೆ ಒಂದೇ ಕೆಲಸ ಹಿಡಿಯುವುದು ನೆರವಾಗುತ್ತವೆ. ಗ್ಲಾಸ್ಗೋ ಮಾಪಕದಲ್ಲಿ 15ಕ್ಕೆ 15 ಅಂಕ ಪಡೆದು ಆಸ್ಪತ್ರೆಯಿಂದ ಹೊರಬಂದವರು ಕೂಡ ಒಲೆ ಆರಿಸಲು ಮರೆಯಬಹುದು. ಅದನ್ನು ಮೊದಲು ಗಮನಿಸುವವರು ಮನೆಯವರು.